ಅಕ್ಕನ ಫೋನಿನ ಅರ್ಜಿ

ನನ್ನ ಅಕ್ಕ ಬರೆದುಕೊಟ್ಟ ಅರ್ಜಿಯನ್ನು ನಾನು ಫೋನಿನ ಆಫೀಸಿಗೆ ಕೊಡಲಿಲ್ಲ. ಕೊಟ್ಟೆನೆಂದು ಹೇಳಿದೆ. ಆರು ವರ್ಷ ಹಾಗೇ ಹೇಳುತ್ತ ಬಂದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಮುಂದೆ ನಾನು ಫೋನಿನವರನ್ನು ಬಹಳ ಬೈಯುವವನಿದ್ದೇನೆ. ಬೈಯುವ ಹಕ್ಕು ನಿನಗೆಲ್ಲಿದೆ ಎಂದು ಓದುವವರು ಕೇಳಬಹುದು. ಇದೆ ಎಂದೇ ನನ್ನ ನಂಬಿಕೆ. ನಾನು ತಪ್ಪು ಮಾಡಿದೆ ಅಂದ ಮಾತ್ರಕ್ಕೆ ಅವರು ಮಾಡಿದ್ದು ಸರಿಯಾಗಿಬಿಡುವುದಿಲ್ಲ.

ನಮ್ಮ ಮನೆ ನ್ಯಾಮತಿಯಲ್ಲಿ, ಬಸ್ಸು ಓಡಾಡುವ ರಸ್ತೆಗೇ ಮುಖ ಮಾಡಿತ್ತು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಏಳನೇ ಕ್ಲಾಸು ಮುಗಿಸಿದವಳು. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಎಡಗಾಲು ಸೊರಗಿಹೋಗಿತ್ತು. ಕೋಲು ಊರಿಕೊಂಡು ನಡೆಯುತ್ತಿದ್ದಳು. ಎರಡು ಸಲ ಮದುವೆಯ ಮಾತು ಬಂತು, ಎರಡು ಸಲವೂ ಬಂದವರು ಕಾಲು ನೋಡಿ ಕಾಫಿ ಕುಡಿದು ಎದ್ದು ಹೋದರು. ಅಪ್ಪ ಅವ್ವ ತೀರಿದ ಮೇಲೆ ಉಳಿದವರು ನಾವಿಬ್ಬರೇ. ಅವಳು ಜಗಲಿಯ ಮೇಲೆ ಕೈಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಬೀದಿಯವರ ಕಾಗದಗಳನ್ನೂ ಮನಿಯಾರ್ಡರ್ ಫಾರಂಗಳನ್ನೂ ಬರೆದುಕೊಡುತ್ತಿದ್ದಳು. ಅವಳ ಅಕ್ಷರ ಅಚ್ಚಿನಲ್ಲಿ ಒತ್ತಿದ ಹಾಗಿರುತ್ತಿತ್ತು. ನಾನು ಈಗ ಇಷ್ಟಾದರೂ ಬರೆಯುವುದು ಅವಳು ಕಲಿಸಿದ್ದರಿಂದ. ಅದೂ ಇದೆಲ್ಲ ಆಗಿಹೋದ ಮೇಲೆ.

ನನಗೆ ಫೋನಿನ ಲೈನ್ ಎಳೆಯುವ ಗ್ಯಾಂಗಿನಲ್ಲಿ ದಿನಗೂಲಿ ಕೆಲಸ. ಗುಂಡಿ ತೋಡುವುದು, ಕಬ್ಬಿಣದ ಕಂಬ ಹೊರುವುದು, ನಿಲ್ಲಿಸುವುದು, ಅದರ ತುದಿಗೆ ಪಿಂಗಾಣಿ ಬಟ್ಟಲು ಕೂರಿಸಿ ತಂತಿ ಎಳೆಯುವುದು. ಮೇಸ್ತ್ರಿ ಎಲ್ಲಿಗೆ ಕರೆದರೆ ಅಲ್ಲಿಗೆ. ಚನ್ನಗಿರಿ ಕಡೆ ಮೂರು ತಿಂಗಳು, ಜಗಳೂರು ಕಡೆ ಎರಡು ತಿಂಗಳು, ಮತ್ತೆ ಕೆಲಸವಿಲ್ಲದೆ ಮನೆಯಲ್ಲಿ. ಹಾಗಾಗಿ ಈ ಇಲಾಖೆಯ ನಡಿಗೆ ಎಂಥದು ಎಂಬುದನ್ನು ನಾನು ಪೇಪರಿನಲ್ಲಿ ಓದಿ ತಿಳಿದವನಲ್ಲ. ನನ್ನ ಹೆಗಲ ಮೇಲೆ ಹೊತ್ತು ತಿಳಿದವನು.

ಬಸವಾಪಟ್ಟಣದ ದಾರಿಯಲ್ಲಿ ಕಂಬಗಳನ್ನು ಲಾರಿಯಿಂದ ಇಳಿಸಿ ಹೋದರು. ಎರಡು ಮಳೆಗಾಲ ಅವು ರಸ್ತೆ ಬದಿಯಲ್ಲೇ ಮಲಗಿದ್ದವು. ತ್ಯಾವಣಿಗೆಯ ಹೆಂಗಸರು ಅವುಗಳ ಮೇಲೆ ಬಟ್ಟೆ ಒಣಗಿಸುತ್ತಿದ್ದರು. ಕಂಬ ಬಂದಾಗ ತಂತಿ ಇರಲಿಲ್ಲ. ತಂತಿ ಬಂದಾಗ ಬಟ್ಟಲು ಇರಲಿಲ್ಲ. ಬಟ್ಟಲು ಬಂದಾಗ ನಮಗೆ ಕೂಲಿ ಕೊಡಲು ಮಂಜೂರಾತಿ ಇಲ್ಲ ಎಂದು ಗ್ಯಾಂಗನ್ನೇ ಮನೆಗೆ ಕಳಿಸಿದರು.

ಜಗಳೂರಿನ ಕಥೆ ಇದಕ್ಕಿಂತ ಚೆಂದ. ಮಾರ್ಚ್ ತಿಂಗಳು ಬಂತೆಂದರೆ ಇಲಾಖೆಗೆ ದುಡ್ಡು ಖರ್ಚು ಮಾಡುವ ಅವಸರ ಹತ್ತುತ್ತಿತ್ತು. ಆ ವರ್ಷದ ಹಣ ಆ ತಿಂಗಳೊಳಗೆ ಮುಗಿಯದಿದ್ದರೆ ವಾಪಸು ಹೋಗುತ್ತದಂತೆ. ಸೊಕ್ಕೆ ಕಡೆಯ ದಾರಿಯುದ್ದಕ್ಕೂ ಗುಂಡಿ ತೋಡಿ ಎಂದರು. ಅಲ್ಲಿಯ ನೆಲ ಹಾರೆಗೆ ಕಿಡಿ ಕಾರುತ್ತದೆ. ಆ ಬಿಸಿಲಲ್ಲಿ ಎದೆಮಟ್ಟ ಗುಂಡಿ ತೋಡಿದೆವು. ಸಾಹೇಬರು ಜೀಪಿನಲ್ಲಿ ಬಂದು ಟೇಪು ಇಳಿಬಿಟ್ಟು ಅಳೆದು ಪುಸ್ತಕದಲ್ಲಿ ಬರೆದುಕೊಂಡು ಹೋದರು. ಕಂಬ ಮಾತ್ರ ಬರಲಿಲ್ಲ. ಮೇ ತಿಂಗಳಲ್ಲಿ, ಕುರಿಗಳು ಬಿದ್ದು ಕಾಲು ಮುರಿದುಕೊಳ್ಳುತ್ತಿವೆ ಎಂದು ಊರವರು ಗಲಾಟೆ ಮಾಡಿದ ಮೇಲೆ, ನಮ್ಮನ್ನೇ ಕರೆಸಿ ಅದೇ ಗುಂಡಿಗಳನ್ನು ಮುಚ್ಚಿಸಿದರು. ಮುಂದಿನ ಮಾರ್ಚಿನಲ್ಲಿ ಮತ್ತೆ ತೋಡಿಸಿದರು.

ಬೇವಿನ ಮರದ ಕೆಳಗೆ ಕೂತು ನಮ್ಮನ್ನೇ ನೋಡುತ್ತಿದ್ದ ಒಬ್ಬ ಮುದುಕ ಕೇಳಿದ, “ಯಾವಾಗ ಬರ್ತೈತಪ್ಪಾ ಫೋನು?”

“ಮುಂದಿನ ವರ್ಷ ಅಜ್ಜಾ,” ಎಂದ ಮೇಸ್ತ್ರಿ.

“ಹೋದ ವರ್ಷಾನೂ ಇದೇ ಗುಂಡಿ ಪಕ್ಕ ನಿಂತ್ಕಂಡು ಇದೇ ಮಾತು ಅಂದ್ಯಲ್ಲೋ. ನೀವು ನೆಡಾಕೆ ಬಂದಿರೋದು ಕಂಬಾನೋ, ಇಲ್ಲಾ ನಮ್ಮನ್ನೋ?”

ನಾವೆಲ್ಲ ನಕ್ಕೆವು. ಆ ಮುದುಕ ನಗಲಿಲ್ಲ. ಅವನ ಮಗ ಎಲ್ಲೋ ದೂರದ ಗಿರಣಿಯಲ್ಲಿದ್ದನಂತೆ. ಮಗನ ದನಿ ಒಂದು ಸಲ ಕೇಳಬೇಕು ಎಂಬುದಷ್ಟೇ ಅವನ ಆಸೆ.

ನ್ಯಾಮತಿಯಲ್ಲಿ ಪೋಸ್ಟಾಫೀಸಿನದೊಂದು ಫೋನು ಇತ್ತು, ಹಿಡಿಕೆ ತಿರುಗಿಸುವಂಥದು. ಸಂಜೆ ಐದಕ್ಕೆ ಬಾಗಿಲು ಹಾಕಿದರೆ ಮುಗಿಯಿತು. ಬಾಗಿಲು ತೆರೆದಿರುವಾಗಲೂ ವಾರದಲ್ಲಿ ನಾಲ್ಕು ದಿನ ಸತ್ತಿರುತ್ತಿತ್ತು. ದೂರದೂರಿಗೆ ಮಾತಾಡಬೇಕೆಂದರೆ ಹೊನ್ನಾಳಿಗೆ ಹೋಗಬೇಕು, ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂರಬೇಕು. ನಮ್ಮ ಬೀದಿಯ ಒಬ್ಬ ಹೆಂಗಸು ಚನ್ನಗಿರಿಯಲ್ಲಿದ್ದ ಮಗಳ ಹೆರಿಗೆಯ ಸುದ್ದಿ ಕೇಳಲು ಹಾಗೆ ಹೋದಳು. ಸಂಜೆವರೆಗೆ ಕೂತರೂ ಲೈನ್ ಸಿಗಲಿಲ್ಲ. ಅಳುತ್ತ ಬಸ್ಸು ಹತ್ತಿ ಮನೆಗೆ ಬಂದರೆ, ಅಳಿಯ ಅಷ್ಟರಲ್ಲಿ ತಾನೇ ಚನ್ನಗಿರಿಯಿಂದ ಬಂದು ಬೀದಿಗೆಲ್ಲ ಸಕ್ಕರೆ ಹಂಚಿ ಜಗಲಿಯ ಮೇಲೆ ಕೂತಿದ್ದ. “ಫೋನಿಗಿಂತ ಅಳಿಯ ಜೋರು,” ಎಂದು ಜನ ನಕ್ಕರು. ನಗದೆ ಇನ್ನೇನು ಮಾಡುತ್ತಾರೆ? ಒಂದು ಜಿಲ್ಲೆಯೊಳಗಿನ ಎರಡು ಊರು. ನಡುವೆ ತಂತಿ ಇತ್ತು. ಅದನ್ನು ಎಳೆದವನು ನಾನೇ. ಒಂದೇ ತಂತಿ, ಅದರ ಮೇಲೆ ಐವತ್ತು ಊರಿನ ಜನ.

ಎಂಬತ್ತರ ದಶಕ ಶುರುವಾದ ಹೊತ್ತಿನಲ್ಲಿ ಪೋಸ್ಟ್ ಮಾಸ್ತರು ಅಕ್ಕನಿಗೆ ಒಂದು ಸುದ್ದಿ ಹೇಳಿದರು. ಊರಿನಲ್ಲಿ ಖಾಸಗಿಯವರ ಮನೆಗೂ ಸಾರ್ವಜನಿಕ ಫೋನು ಕೊಡುತ್ತಾರಂತೆ. ಬಂದವರಿಗೆ ಮಾತಾಡಲು ಕೊಟ್ಟು, ಕಾಸು ಇಸಿದುಕೊಂಡು, ಇಲಾಖೆಗೆ ಕಟ್ಟಿದರೆ ಅದರಲ್ಲಿ ಒಂದು ಪಾಲು ನಮಗೆ. ಅಂಗವಿಕಲರಿಗೆ ಮೊದಲು ಕೊಡುತ್ತಾರಂತೆ. ಅರ್ಜಿ ಬಂದ ತಾರೀಖಿನ ಪ್ರಕಾರ ಪಟ್ಟಿ ಮಾಡುತ್ತಾರಂತೆ.

ಅಕ್ಕ ಆ ದಿನ ಮಿಷನ್ ಮುಟ್ಟಲಿಲ್ಲ. ನಾನು ಕೆಲಸದಿಂದ ಬಂದಾಗ ಅರ್ಜಿ ಬರೆದು ಇಟ್ಟಿದ್ದಳು.

“ನೋಡಲೇ ತಮ್ಮಾ,” ಎಂದಳು, “ನಮ್ಮ ಜಗಲಿಗಿಂತ ಚಲೋ ಜಾಗ ಊರಾಗೆ ಎಲ್ಲೈತೆ? ಬಸ್ಸು ಇಲ್ಲೇ ನಿಲ್ತೈತೆ. ನಾನಂತೂ ಇಡೀ ದಿನ ಕೂತೇ ಇರ್ತೀನಿ. ಫೋನು ಕಾಯಾಕೆ ಕಾಲು ಬೇಕೇನು?”

“ಬೇಕಾಗಿಲ್ಲ ಬಿಡು,” ಎಂದೆ.

“ನಿನ್ನ ಹೆಂಡ್ತಿ ಅನ್ನೋಳು ಒಬ್ಬಾಕಿ ನಾಳೆ ಬರ್ತಾಳೆ. ಅಷ್ಟ್ರೊಳಗೆ ನನ್ನ ಹೊಟ್ಟೆಪಾಡು ನಂದು ಅಂತ ಆಗ್ಬೇಕು. ಈ ಕಣ್ಣು ಇನ್ನೆಷ್ಟು ವರ್ಷ ಸೂಜಿಗೆ ದಾರ ಪೋಣಿಸ್ತೈತೋ ಯಾರಿಗ್ಗೊತ್ತು.”

ಅವಳು ಹಾಗೆ ಕೇಳಿದ್ದು ಅದೇ ಮೊದಲು. ತನಗೆ ಏನಾದರೂ ಬೇಕು ಎಂದು ಅವಳು ಅದಕ್ಕೂ ಮೊದಲು ಕೇಳಿದ್ದು ನನಗೆ ನೆನಪಿಲ್ಲ. ಆಫೀಸಿಗೆ ತಾನೇ ಹೋಗಬಹುದಿತ್ತು, ಆದರೆ “ನೀನು ಅವರ ಪೈಕಿಯೋನು, ನೀನು ಕೊಟ್ರೆ ಅದಕ್ಕೊಂದು ತೂಕ,” ಎಂದಳು. ನಾನು ಅವರ ಪೈಕಿಯವನು ಎಂದು ಅವಳಿಗೆ ನಂಬಿಸಿದ್ದವನೂ ನಾನೇ. ಸಾಹೇಬರು ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ ಎಂದೆಲ್ಲ ಮನೆಯಲ್ಲಿ ಬೀಗುತ್ತಿದ್ದೆ.

ಆಫೀಸು ಯಾವ ಊರಿನಲ್ಲಿತ್ತು ಎಂದು ನಾನು ಬರೆಯುವುದಿಲ್ಲ. ಅಲ್ಲಿದ್ದ ಗುಮಾಸ್ತರ ಮೇಲೆ ಒಂದು ಸಲ ಸುಳ್ಳು ಹೊರಿಸಿದ್ದು ಸಾಕು. ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಬಟವಾಡೆಯ ದಿನ ಅಲ್ಲಿಗೆ ಹೋದೆ. ನಮ್ಮ ಗ್ಯಾಂಗಿನವರೆಲ್ಲ ಕೂಲಿಗಾಗಿ ಸಾಲು ನಿಂತಿದ್ದರು. ನಾನು ಅರ್ಜಿಯನ್ನು ಕಿಟಕಿಯೊಳಗೆ ಚಾಚಿದೆ.

ಗುಮಾಸ್ತರು ಬಿಡಿಸಿ ನೋಡಿದರು. “ಇದೇನಪ್ಪಾ, ಕನ್ನಡದಾಗೆ ಬರ್ಕಂಡು ಬಂದೀಯ? ಇದನ್ನ ಮೇಲಿನ ಆಫೀಸಿಗೆ ಕಳ್ಸಿದ್ರೆ ಅಲ್ಲಿ ಯಾರು ಓದ್ತಾರೆ?” ಎಂದು ವಾಪಸು ಕೊಟ್ಟು, ಅದರ ಜೊತೆಗೆ ಒಂದು ಅಚ್ಚಾದ ಫಾರಂ ಕೊಟ್ಟರು. “ಇದನ್ನ ಇಂಗ್ಲಿಷ್‌ನಾಗೆ ತುಂಬ್ಸು. ತಗಾ, ಮೊದಲ್ನೇ ಸಾಲಿನಾಗೆ ಏನು ಕೇಳ್ಯಾರೆ, ಓದು ನೋಡಾಣ.”

ನಾನು ಫಾರಂ ಹಿಡಿದು ನಿಂತೆ. ಕನ್ನಡವನ್ನೇ ಬೆರಳಿಟ್ಟು ಓದುತ್ತಿದ್ದವನು. ಹಿಂದಿನಿಂದ ಗ್ಯಾಂಗಿನವನೊಬ್ಬ ಕೂಗಿದ, “ಸಾಹೇಬ್ರೇ, ಅವನ ಕೈಗೆ ಕಾಗದ ಯಾಕೆ ಕೊಟ್ರಿ? ಹಾರೆ ಕೊಡ್ರಿ, ಗಡಗಡ ಓದ್ತಾನೆ!” ಸಾಲಿಗೆ ಸಾಲೇ ನಕ್ಕಿತು. ಗುಮಾಸ್ತರೂ ನಕ್ಕರು. ನಾನೂ ನಕ್ಕೆ. ನಕ್ಕು, ಎರಡು ಕಾಗದಗಳನ್ನೂ ಮಡಚಿ ಜೇಬಿಗೆ ಹಾಕಿಕೊಂಡು, ಕೂಲಿ ತೆಗೆದುಕೊಂಡು ಹೊರಗೆ ಬಂದೆ.

ಆ ಗುಮಾಸ್ತರು ಕೆಟ್ಟವರಲ್ಲ. ಅವರ ಮೇಲಿನವರು ಹೇಳಿದ್ದನ್ನು ಅವರು ಹೇಳಿದರು. ಆದರೆ ಇವತ್ತಿಗೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ. ನಮ್ಮೂರಿಗೆ ಫೋನು ಬೇಕೆಂದು ನಮ್ಮ ಮಾತಿನಲ್ಲಿ ಕೇಳುವ ಹಾಗಿಲ್ಲವೇ? ಫೋನು ಬಂದ ಮೇಲೆ ಅದರಲ್ಲಿ ನಾವು ಯಾವ ಭಾಷೆಯಲ್ಲಿ ಮಾತಾಡುತ್ತೇವೆಂದು ಅವರು ತಿಳಿದಿದ್ದರು? ಸೊಕ್ಕೆಯ ಮುದುಕ ಮಗನನ್ನು ಇಂಗ್ಲಿಷಿನಲ್ಲಿ ಚೆನ್ನಾಗಿದೀಯಾ ಎಂದು ಕೇಳಬೇಕಿತ್ತೇ? ಗುಂಡಿ ತೋಡಿ ಮುಚ್ಚಿ ತೋಡುವುದಕ್ಕೆ ದುಡ್ಡಿದ್ದವರಿಗೆ, ಒಂದು ಹಾಳೆ ಕನ್ನಡವನ್ನು ಓದುವವನೊಬ್ಬನನ್ನು ಇಟ್ಟುಕೊಳ್ಳಲು ಇರಲಿಲ್ಲ.

ಬಸ್ಸಿನಲ್ಲಿ ಬರುವಾಗ ಅಕ್ಕನಿಗೆ ಏನು ಹೇಳಲಿ ಎಂದು ಯೋಚಿಸಿದೆ. ನಿನ್ನ ಅಕ್ಷರವನ್ನು ತಳ್ಳಿದರು ಎಂದರೆ ಅವಳು ನೊಂದುಕೊಳ್ಳುತ್ತಾಳೆ, ಅದಕ್ಕೇ ಹೇಳುವುದಿಲ್ಲ ಎಂದುಕೊಂಡೆ. ವರ್ಷಗಟ್ಟಲೆ ನನಗೆ ನಾನೇ ಅದನ್ನೇ ಹೇಳಿಕೊಂಡೆ. ನಿಜ ಅದಲ್ಲ. ಹೇಳಿದ್ದರೆ ಅವಳು ಹೈಸ್ಕೂಲ್ ಮೇಷ್ಟರ ಹತ್ತಿರ ಹೋಗಿ ಮಾರನೇ ದಿನವೇ ಇಂಗ್ಲಿಷಿನಲ್ಲಿ ತುಂಬಿಸಿಕೊಂಡು ಬಂದು, ಮತ್ತೆ ನನ್ನನ್ನೇ ಆ ಕಿಟಕಿಗೆ ಕಳಿಸುತ್ತಿದ್ದಳು. ಆ ಸಾಲಿನ ಮುಂದೆ ಇನ್ನೊಂದು ಸಲ ಕಾಗದ ಹಿಡಿದು ನಿಲ್ಲುವುದು ನನಗೆ ಬೇಕಿರಲಿಲ್ಲ. ಅಷ್ಟೇ.

“ಕೊಟ್ಯಾ?” ಎಂದಳು ಅಕ್ಕ, ನಾನು ಇನ್ನೂ ಚಪ್ಪಲಿ ಬಿಡುವ ಮೊದಲೇ.

“ಕೊಟ್ಟೆ.”

“ರಸೀದಿ?”

“ಅಲ್ಲೆಲ್ಲ ರಸೀದಿ ಕೊಡಲ್ಲಕ್ಕಾ.”

“ಹೌದು, ಅವರು ಯಾತಕ್ಕೆ ಕೊಡ್ತಾರೆ,” ಎಂದು ತಾನೇ ಸಮಾಧಾನ ಮಾಡಿಕೊಂಡಳು. “ಏನಂದ್ರು ನೋಡಿ?”

ಅವಳ ಮುಖ ನೋಡಿ ನನ್ನ ಬಾಯಿಂದ ಇನ್ನೊಂದು ಬಂತು. “ಅಕ್ಷರ ಚೆಂದ ಐತೆ ಅಂದ್ರು. ಯಾರು ಬರ್ದಿದ್ದು ಅಂತ ಕೇಳಿದ್ರು.”

ಅಕ್ಕ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ನಕ್ಕಳು. ಒಂದೆರಡು ವಾರದ ಮೇಲೆ ಚನ್ನಗಿರಿ ಕೆಲಸದಲ್ಲಿ ಮಳೆಗೆ ಸಿಕ್ಕು ಜೇಬಿನಲ್ಲಿದ್ದ ಎರಡು ಕಾಗದಗಳೂ ನೆನೆದು ಮುದ್ದೆಯಾದವು. ತೆಗೆದು ಗುಂಡಿಗೆ ಹಾಕಿ, ಮೇಲೆ ಕಂಬ ನಿಲ್ಲಿಸಿ ಮಣ್ಣು ತುಳಿದೆ.

ಬೇರೆ ಯಾವ ಆಫೀಸಿನ ವಿಷಯದಲ್ಲಾದರೂ ಈ ಸುಳ್ಳು ಆರು ತಿಂಗಳು ನಡೆಯುತ್ತಿರಲಿಲ್ಲ. ಫೋನಿನ ವಿಷಯದಲ್ಲಿ ಆರು ವರ್ಷ ನಡೆಯಿತು. ಅರ್ಜಿ ಹಾಕಿ ಏಳು, ಎಂಟು ವರ್ಷ ಕಾದವರು ಊರಿನಲ್ಲೇ ಇದ್ದರು. ಒಬ್ಬ ಅಡಿಕೆ ವ್ಯಾಪಾರಿ ಮಗ ಹುಟ್ಟಿದ ವರ್ಷ ಹಾಕಿದ್ದ, ಆ ಮಗ ಶಾಲೆಗೆ ಹೋಗುತ್ತಿದ್ದ. ಕಾಯುವುದು ಎಷ್ಟು ಸಹಜವಾಗಿತ್ತೆಂದರೆ, ಯಾಕೆ ಬರಲಿಲ್ಲ ಎಂದು ಕೇಳುವುದು ದುರಾಸೆಯ ಹಾಗೆ ಕಾಣುತ್ತಿತ್ತು. ಅಕ್ಕ ವರ್ಷಕ್ಕೊಮ್ಮೆ ಕೇಳುತ್ತಿದ್ದಳು. ನಾನು ನಿಜವಾದ ಸುದ್ದಿಯನ್ನೇ ಹೇಳುತ್ತಿದ್ದೆ. ಅದೇ ನನ್ನ ಜಾಣತನ.

ಮೊದಲ ವರ್ಷ: “ದೊಡ್ಡ ಬೋರ್ಡು ಬಂದ್ರೆ ಕೊಡ್ತಾರಂತೆ. ಈಗಿರೋ ಬೋರ್ಡಿನಾಗೆ ಜಾಗ ಇಲ್ಲ.” ನಿಜ. ಊರೂರಿನ ಲೈನುಗಳನ್ನು ಜೋಡಿಸುವ ಆ ಹಳೆಯ ಬೋರ್ಡಿಗೆ ಇನ್ನೊಂದು ಲೈನೂ ಹಿಡಿಯುತ್ತಿರಲಿಲ್ಲ.

ಎರಡನೇ ವರ್ಷ: “ಕಾಂಪೌಂಡು ಕಟ್ತಾ ಅದಾರೆ.” ನಿಜ. ಹೊಸ ಕಟ್ಟಡಕ್ಕೆ ಮಂಜೂರಾದ ಹಣದಲ್ಲಿ ಮೊದಲು ಕಾಂಪೌಂಡು ಕಟ್ಟಿ, ಗೇಟು ಇಟ್ಟು, ಗೇಟಿಗೆ ಬಣ್ಣ ಹಚ್ಚಿದರು. ಒಳಗೆ ಕಾಯುವಂಥದು ಹುಲ್ಲು ಮಾತ್ರ ಇತ್ತು.

ಮೂರನೇ ವರ್ಷ ದೊಡ್ಡ ಬೋರ್ಡು ಮರದ ಪೆಟ್ಟಿಗೆಯಲ್ಲಿ ಬಂತು. ಇಳಿಸಿದವರಲ್ಲಿ ನಾನೂ ಒಬ್ಬ. ಅದನ್ನು ಇಡಬೇಕಾದ ಕೋಣೆ ಇನ್ನೂ ಎದ್ದಿರಲಿಲ್ಲ, ಹಾಗಾಗಿ ಹಳೆಯ ಆಫೀಸಿನ ವರಾಂಡದಲ್ಲಿ ಟಾರ್ಪಾಲು ಹೊದಿಸಿ ಇಟ್ಟೆವು. ಜವಾನ ಅದರ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದ. ಕೋಣೆ ಎದ್ದ ಮೇಲೆ ಪೆಟ್ಟಿಗೆ ಹೊತ್ತುಕೊಂಡು ಹೋದರೆ ಬಾಗಿಲು ಚಿಕ್ಕದು! ಬೋರ್ಡಿನ ಅಳತೆ ಗೊತ್ತಿದ್ದವರು ಕೋಣೆ ಕಟ್ಟಿಸಲಿಲ್ಲ, ಕೋಣೆ ಕಟ್ಟಿಸಿದವರಿಗೆ ಬೋರ್ಡು ತೋರಿಸಲಿಲ್ಲ. ಹೊಸ ಗೋಡೆ ಒಡೆಯಲು ಅಪ್ಪಣೆ ಬೇಕು, ಅಪ್ಪಣೆಗೆ ಮೇಲಿನ ಆಫೀಸಿಗೆ ಬರೆಯಬೇಕು. ಬರೆದರು. ಇಂಗ್ಲಿಷಿನಲ್ಲೇ ಬರೆದಿರಬೇಕು. ಉತ್ತರ ಬರುವಷ್ಟರಲ್ಲಿ ಇನ್ನೊಂದು ವರ್ಷ ಕಳೆದು ಪೆಟ್ಟಿಗೆಗೆ ಗೆದ್ದಲು ಹತ್ತಿತ್ತು.

ಇದನ್ನೆಲ್ಲ ನಾನು ಮನೆಗೆ ಬಂದು ಹೇಳಿದಾಗ ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು, ಆಮೇಲೆ ಸಿಟ್ಟಾಗುತ್ತಿದ್ದಳು. “ಇವರಪ್ಪನ ಮನೆ ದುಡ್ಡೇನು? ನನ್ನ ಅರ್ಜಿ ಅಲ್ಲಿ ಯಾವ ಗೆದ್ದಲಿನ ಬಾಯಾಗೈತೋ,” ಎನ್ನುತ್ತಿದ್ದಳು. ನಾನೂ ಅವಳ ಜೊತೆ ಸೇರಿ ಬೈಯುತ್ತಿದ್ದೆ. ಅವಳಿಗಿಂತ ಜೋರಾಗಿ ಬೈಯುತ್ತಿದ್ದೆ. ಈ ನಡುವೆ ನನಗೆ ಮದುವೆಯಾಯಿತು. ಹೆಂಡತಿ ಒಳ್ಳೆಯವಳು, ಅಕ್ಕನಿಗೆ ಒಂದು ಮಾತು ಆಡಿದವಳಲ್ಲ. ಆದರೂ ಅಕ್ಕ ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟಳು. ಅವಳ ಕಣ್ಣೂ ಮಂಜಾಗುತ್ತ ಬಂತು. ಸೂಜಿಗೆ ದಾರ ಪೋಣಿಸಿಕೊಡಲು ನನ್ನ ಹೆಂಡತಿಯನ್ನು ಕರೆಯುವಾಗಲೆಲ್ಲ ಅವಳ ದನಿ ಸಣ್ಣದಾಗುತ್ತಿತ್ತು. ಬೀದಿಯವರು ಹೊಲಿಗೆಯನ್ನು ಬೇರೆ ಕಡೆ ಕೊಡಲು ಶುರು ಮಾಡಿದರು.

ಆರನೇ ವರ್ಷ ಬೋರ್ಡು ಕೊನೆಗೂ ಗೋಡೆಯೊಳಗೆ ಹೋಯಿತು. ನಮ್ಮ ಮನೆಯ ಎದುರಿನ ಸೋಡಾ ಅಂಗಡಿಗೆ ಸಾರ್ವಜನಿಕ ಫೋನು ಬಂತು. ಆ ಲೈನಿಗೆ ಕಂಬ ನಿಲ್ಲಿಸಲು ನಮ್ಮ ಗ್ಯಾಂಗೇ ಬಂತು. ಅಕ್ಕ ಜಗಲಿಯ ಮೇಲೆ ಕೂತು, ನಾನು ಗುಂಡಿ ತೋಡುವುದನ್ನು ನೋಡುತ್ತಿದ್ದಳು.

“ಅವ ಯಾವಾಗ ಅರ್ಜಿ ಹಾಕಿದ್ದಂತೆ?” ಎಂದು ಕೇಳಿದಳು ಆ ಸಂಜೆ.

“ಮೂರು ವರ್ಷಾತಂತೆ,” ಎಂದೆ.

“ನಾನು ಹಾಕಿ ಆರಾತು. ನಾಳೆ ಆಫೀಸಿಗೆ ಹೋಗಾಣ ನಡಿ.”

ಮಾರನೇ ದಿನ ಇಬ್ಬರೂ ಬಸ್ಸು ಹತ್ತಿದೆವು. ಹಳೆಯ ಗುಮಾಸ್ತರು ನಿವೃತ್ತರಾಗಿದ್ದರು. ಕಿಟಕಿಯ ಆಚೆ ಹೊಸದಾಗಿ ಬಂದ ಒಬ್ಬ ಹೆಣ್ಣುಮಗಳು ಇದ್ದರು. ಅಕ್ಕ ಹೇಳಿದ್ದನ್ನು ಕೇಳಿ ರಿಜಿಸ್ಟರನ್ನು ಮೊದಲಿನಿಂದ ಕೊನೆವರೆಗೆ ಮೂರು ಸಲ ತಿರುವಿದರು.

“ನಿಮ್ಮ ಅರ್ಜಿ ಬಂದೇ ಇಲ್ಲವಲ್ಲಮ್ಮಾ.”

“ಬಂದಿಲ್ಲ ಅಂದ್ರೆ? ನನ್ನ ತಮ್ಮ ಇದೇ ಕಿಟಕಿಯಾಗೆ ಕೊಟ್ಟಾನೆ. ನಿಮ್ಮ ಕಂಬ ಹೊತ್ತು ಹೊತ್ತು ಅವನ ಹೆಗಲು ಕಿತ್ತೈತೆ, ಅವನಕ್ಕನ ಒಂದು ಹಾಳೆ ಕಾಗದ ಕಾಯಾಕಾಗಲಿಲ್ಲ ನಿಮಗೆ? ಯಾರತ್ರ ತಿಂದು ಯಾರಿಗೆ ಕೊಟ್ರಿ? ಹೇಳಮ್ಮಾ, ಬಾಯಿ ಬಿಟ್ಟು ಹೇಳು!”

ಆ ಹೆಣ್ಣುಮಗಳ ಕಣ್ಣಲ್ಲಿ ನೀರು ಬಂತು. ಸಾಲಿನಲ್ಲಿದ್ದವರೆಲ್ಲ ಅಕ್ಕನ ಪರ ನಿಂತರು. ಅವರವರ ಅರ್ಜಿಯ ಕಥೆ ಅವರವರಿಗೆ ಇತ್ತು. “ಸರಿಯಾಗಿ ಕೇಳಿದ್ರಿ ಬಿಡಮ್ಮಾ,” ಎಂದರು. ಹೊಸ ಗುಮಾಸ್ತರು ನನ್ನ ಕಡೆ ತಿರುಗಿ, “ನೀವು ಯಾರ ಕೈಗೆ ಕೊಟ್ರಿ?” ಎಂದು ಕೇಳಿದರು. ಹಳೆಯ ಗುಮಾಸ್ತರ ಕೈಗೆ ಎಂದೆ. ಅಷ್ಟು ಜನರ ಮುಂದೆ, ಸಲೀಸಾಗಿ.

ಅಕ್ಕ ಅಲ್ಲಿಗೇ ಬಿಡಲಿಲ್ಲ. ಮೇಲಿನ ಆಫೀಸಿಗೆ ದೂರು ಬರೆದಳು. ಆರು ವರ್ಷಕ್ಕೆ ಒಂದು ಫೋನು ಕೊಡಲಾರದ ಇಲಾಖೆ ಎರಡು ತಿಂಗಳೊಳಗೆ ವಿಚಾರಣೆಗೆ ಸಾಹೇಬರನ್ನು ಕಳಿಸಿತು. ತನ್ನ ಮೇಲೆ ತಪ್ಪು ಬರುತ್ತದೆ ಎಂದರೆ ಅದರ ಕಾಲು ಎಷ್ಟು ಚುರುಕು ನೋಡಿ. ಜೀಪು ನಮ್ಮ ಜಗಲಿಯ ಮುಂದೆ ನಿಂತಿತು. ಬೆಳಗಿನ ಹೊತ್ತು. ಅಕ್ಕ ಒಗೆದ ಸೀರೆ ಉಟ್ಟು ಕೂತಿದ್ದಳು.

“ನೋಡ್ರಿ,” ಎಂದರು ಸಾಹೇಬರು ನನಗೆ, “ನೀವು ಹೇಳೋ ಗುಮಾಸ್ತರು ರಿಟೈರಾಗ್ಯಾರೆ. ಇದು ಇತ್ಯರ್ಥ ಆಗೋವರೆಗೂ ಅವರ ಪಿಂಚಣಿ ಕಾಗದ ಮುಂದೆ ಹೋಗಂಗಿಲ್ಲ. ಅದಕ್ಕೆ ಯೋಚ್ನೆ ಮಾಡಿ ಹೇಳ್ರಿ. ನೀವು ಅರ್ಜಿ ಅವರ ಕೈಗೇ ಕೊಟ್ರಾ?”

ನಾನು ಬಾಯಿ ತೆರೆಯುವ ಮೊದಲು ಅಕ್ಕ ಶುರು ಮಾಡಿದಳು. “ಕೊಟ್ಟಾನ್ರೀ. ಅವರು ಅದನ್ನ ಓದಿದ್ರಂತೆ. ಅಕ್ಷರ ಚೆಂದ ಐತೆ, ಯಾರು ಬರ್ದಿದ್ದು ಅಂತ ಕೇಳಿದ್ರಂತೆ. ಒಳ್ಳೆ ಮನುಷ್ಯರೇ ಇರಬೇಕು ಸಾಹೇಬ್ರೇ, ಇಲ್ದಿದ್ರೆ ಯಾರು ಹಂಗೆ ಕೇಳ್ತಾರೆ? ಅವರಿಗೆ ಕೆಟ್ಟದಾಗ್ಲಿ ಅಂತ ನಾನು ಬರ್ದಿಲ್ಲ. ನನ್ನ ಕಾಗದ ಎಲ್ಲಿ ಹೋತು ಅಂತಷ್ಟೇ ನನ್ನ ಪ್ರಶ್ನೆ.”

ಆರು ವರ್ಷದ ಹಿಂದೆ ಚಪ್ಪಲಿ ಬಿಡುತ್ತ ನಾನು ಆಡಿದ ಮಾತು ಅದು. ನಾನು ಮರೆತೇಬಿಟ್ಟಿದ್ದೆ. ಅವಳು ಒಂದು ಅಕ್ಷರ ಬಿಡದೆ ಇಟ್ಟುಕೊಂಡಿದ್ದಳು.

“ಅರ್ಜಿ ನಾನು ಕೊಟ್ಟಿಲ್ಲ ಸಾಹೇಬ್ರೇ,” ಎಂದೆ. “ಕನ್ನಡದಾಗೈತೆ ಅಂತ ವಾಪಸ್ ಕೊಟ್ರು. ಇಂಗ್ಲಿಷ್ ಫಾರಂ ಕೊಟ್ರು. ನಾನು ಅದನ್ನ ತುಂಬಿಸಲಿಲ್ಲ. ಮನೆಯಾಗೂ ಹೇಳಲಿಲ್ಲ.”

ಅಕ್ಕನ ಮುಖದ ಕಡೆ ನಾನು ನೋಡಲಿಲ್ಲ. ಸಾಹೇಬರ ಮುಖ ಮಾತ್ರ ಅರಳಿತು. ಅಷ್ಟು ಹಗುರಾದ ಮುಖವನ್ನು ನಾನು ಆ ಇಲಾಖೆಯಲ್ಲಿ ಅದುವರೆಗೆ ನೋಡಿರಲಿಲ್ಲ. “ಹಂಗಾದ್ರೆ ನಮ್ಮ ಆಫೀಸಿಂದ ಏನೂ ತಪ್ಪಾಗಿಲ್ಲ ಅಂತಾತು,” ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ನನ್ನ ಮುಂದೆ ಹಿಡಿದರು. ನನಗೆ ಓದಲು ಬಾರದ ಹೇಳಿಕೆಗೆ ನಾನು ಕನ್ನಡದಲ್ಲಿ ರುಜು ಹಾಕಿದೆ. ಅದನ್ನು ಯಾರೂ ಬೇಡ ಎನ್ನಲಿಲ್ಲ. ಏನೂ ತಪ್ಪಾಗಿಲ್ಲ! ಕನ್ನಡದ ಅರ್ಜಿ ತಳ್ಳಿದ್ದು, ವರಾಂಡದಲ್ಲಿ ಗೆದ್ದಲು ತಿಂದ ಬೋರ್ಡು, ಜಗಳೂರಿನ ಗುಂಡಿಗಳು, ಹೊನ್ನಾಳಿಯ ಬೆಂಚು, ಎಲ್ಲವೂ ನನ್ನ ಒಂದು ರುಜುವಿನಲ್ಲಿ ತೊಳೆದುಹೋದವು. ಜೀಪು ಹೊರಟಾಗ ಕಲ್ಲು ತೆಗೆದು ಬೀಸಬೇಕು ಅನ್ನಿಸಿತು. ಬೀಸುವ ಕೈ ಯಾರದು ಎಂದು ನೆನಪಾಗಿ ಸುಮ್ಮನಾದೆ.

ಅಕ್ಕ ಒಂದೇ ಮಾತು ಕೇಳಿದಳು. “ಕನ್ನಡದಾಗಿರೋದಕ್ಕೆ ತಗಳಲಿಲ್ಲ ಅಂತ ಅವತ್ತೇ ಹೇಳಿದ್ರೆ, ನಾನೇ ಕುಂಟ್ಕಂಡು ಹೋಗ್ತಿದ್ನಲ್ಲೋ. ಯಾಕೆ ಹೇಳಲಿಲ್ಲ?” ನಾನು ಹಾರೆ ತೆಗೆದುಕೊಂಡು ಕೆಲಸಕ್ಕೆ ಹೊರಟೆ. ನಡೆದದ್ದನ್ನು ಸಾಹೇಬರಿಗೆ ಹೇಳಿದ್ದೆ, ಅಷ್ಟೇ. ತಪ್ಪಾಯಿತು ಎಂದು ಅವಳಿಗೆ ಹೇಳಿರಲಿಲ್ಲ. ಅದು ಬೇರೆ ಮಾತು. ಎಂಟು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಒಂಬತ್ತನೇ ದಿನ ನನ್ನ ಹೆಂಡತಿಗೆ ಹೇಳಿದಳು, ನನಗೆ ಕೇಳುವಂತೆ, “ನಾಳೆ ಆಫೀಸಿಗೆ ಹೋಗಿ ಬರ್ತೀನಿ. ಯಾರೂ ಜೊತೆಗೆ ಬರಬ್ಯಾಡ್ರಿ.”

ಆ ಫೋನಿನ ಕಥೆ ಏನಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಅದು ಬಂತು. ಬರಲು ಇನ್ನೂ ಮೂರು ವರ್ಷ ಹಿಡಿಯಿತು, ದಶಕವೇ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಜನಕ್ಕೆ ಎದುರಿನ ಸೋಡಾ ಅಂಗಡಿಯ ಫೋನೇ ರೂಢಿಯಾಗಿತ್ತು. ಅಲ್ಲಿ ಸಾಲು ಉದ್ದವಾದಾಗ ಉಳಿದವರು ಅಕ್ಕನ ಹತ್ತಿರ ಬರುತ್ತಿದ್ದರು. ಅವಳು ಬದುಕಿದಳು. ಆ ಆರು ವರ್ಷ ಮೊದಲೇ ಬಂದಿದ್ದರೆ ಹೇಗೆ ಬದುಕುತ್ತಿದ್ದಳು ಎಂಬ ಲೆಕ್ಕವನ್ನು ನಾನು ಮಾಡಲಾರೆ.

ಇನ್ನು ಆ ಒಂಬತ್ತನೇ ದಿನಕ್ಕೆ ಬರುತ್ತೇನೆ. ಅಕ್ಕ ಬೇಡವೆಂದಿದ್ದರೂ ಮಾರನೇ ದಿನ ನಾನು ಅವಳು ಹತ್ತಿದ ಬಸ್ಸನ್ನೇ ಹಿಂದಿನ ಬಾಗಿಲಿನಿಂದ ಹತ್ತಿದೆ. ಅವಳು ನೋಡಿ ಮುಖ ತಿರುಗಿಸಿಕೊಂಡಳು. ಆಫೀಸಿನಲ್ಲಿ ಅವಳು ಸಾಲಿನಲ್ಲಿ ನಿಂತಳು. ನಾನು ಬಾಗಿಲ ಹತ್ತಿರ ನಿಂತೆ. ಬಟವಾಡೆಯ ದಿನವಲ್ಲದಿದ್ದರೂ ಜನ ತುಂಬಿದ್ದರು. ಕಿಟಕಿಯಲ್ಲಿ ಅದೇ ಹೆಣ್ಣುಮಗಳು. ಅಕ್ಕ ಹೊಸ ಅರ್ಜಿಯನ್ನು ಚಾಚಿದಳು. ಮತ್ತೆ ಕನ್ನಡದಲ್ಲೇ ಬರೆದಿದ್ದಳು. ಅವರು ಕನ್ನಡವೆಂದು ತಳ್ಳದೆ ಓದಿದರು, ಮೊಹರು ಒತ್ತಿದರು, ರಿಜಿಸ್ಟರಿನ ಕೊನೆಯ ಸಾಲಿನಲ್ಲಿ ಬರೆದುಕೊಂಡು ಒಂದು ಚೀಟಿ ಹರಿದು ಕೊಟ್ಟರು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಅಕ್ಕ ಚೀಟಿ ತೆಗೆದುಕೊಂಡು ಕಿಟಕಿ ಬಿಟ್ಟು ಹೊರಡಲಿಲ್ಲ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿದಳು. “ಅವತ್ತು ಬಾಯಿಗೆ ಬಂದಂಗೆ ಅಂದೆ ತಾಯೀ. ನಿಮ್ಮದೇನೂ ತಪ್ಪಿರಲಿಲ್ಲ. ಮನಸಿನಾಗೆ ಇಟ್ಕೋಬ್ಯಾಡ್ರಿ,” ಎಂದಳು. ನನ್ನ ಹೆಸರು ಹೇಳಲಿಲ್ಲ. ತಮ್ಮ ಹೀಗೆ ಮಾಡಿದ ಎನ್ನಲಿಲ್ಲ. ಸಾಲಿನಲ್ಲಿದ್ದ ಯಾರೋ “ಈಗ ಬಂತಾ ಬುದ್ಧಿ,” ಎಂದು ನಕ್ಕರು. ಅಕ್ಕ ತಲೆ ತಗ್ಗಿಸಿಕೊಂಡಳು.

ನಾನು ಸಾಲನ್ನು ಸರಿಸಿಕೊಂಡು ಮುಂದೆ ಹೋದೆ. ಕಿಟಕಿಯವರಿಗೂ ನಕ್ಕವರಿಗೂ ಕೇಳುವಂತೆ ಹೇಳಿದೆ.

“ಕೈ ಇಳಿಸು ಅಕ್ಕಾ. ಕೈ ಮುಗಿಯಬೇಕಾದೋನು ನಾನು. ನಂಗೆ ಓದಾಕೆ ಬರಲ್ಲ ಅಂತ ಇದೇ ಸಾಲಿನಾಗೆ ನಾಕು ಜನ ನಕ್ಕಿದ್ದಕ್ಕೆ ನಾಚ್ಕಂಡು ಮನೆಗೆ ಬಂದೆ. ಬಂದು ನಿನಗೆ ಸುಳ್ಳು ಹೇಳಿದೆ. ನಿನ್ನ ಆರು ವರ್ಷ ನಾನು ತಿಂದೆ, ಇವರಲ್ಲ. ತಪ್ಪಾತಕ್ಕಾ. ನನ್ನ ಕ್ಷಮಿಸು.”